ಷರಟಿಲ್ಲದ ಪ್ರೀತಿ

ಕಾಲಿಂಚು ಮಾಸ್ಟ್ರು ಆ ಶನಿವಾರ ಬೆಳಗಿನ ಪ್ರಾರ್ಥನೆಗೆ ಹೋಗದೆ ತಮ್ಮ ಹೊಲಿಗೆ ಅಂಗಡಿಯಲ್ಲೇ ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಹೋದವರು ಗೋಡೆ ಗಡಿಯಾರದ ಕೆಳಗಿನ ಬೆಂಚು ಬಿಟ್ಟು ಬೇರೆಲ್ಲಾದರೂ ಕೂತಿದ್ದರೂ ಏನೂ ಆಗುತ್ತಿರಲಿಲ್ಲ. ಪಾದ್ರಿಗಳಿಗೆ ಪ್ರಸಂಗದ ನಡುವೆ ಆಗಾಗ ಗಡಿಯಾರ ನೋಡುವ ಅಭ್ಯಾಸ. ಮಾಸ್ಟ್ರಿಗೆ, ಲೋಕವೆಲ್ಲ ತನ್ನನ್ನೇ ನೋಡುತ್ತಿದೆ ಎಂದುಕೊಳ್ಳುವ ಅಭ್ಯಾಸ.

“ನಮ್ಮನ್ನ ಪ್ರೀತಿಸೋರನ್ನ ನಾವು ಪ್ರೀತಿಸೋದು ಏನು ದೊಡ್ಡದು?” ಎಂದು ಪಾದ್ರಿಗಳು ಗಡಿಯಾರ ನೋಡಿದರು. “ನಿಮಗೆ ಕಂಡರಾಗದವರು ಅಂತ ಒಬ್ಬರು ಇದ್ದೇ ಇರ್ತಾರೆ. ಸಾಯಂಕಾಲ ಆರಕ್ಕೆ ಬಿಷಪ್ಪರು ಬರ್ತಾರಲ್ಲ, ಅಷ್ಟರೊಳಗೆ ಆ ಕಂಡರಾಗದವರ ಹತ್ತಿರ ಹೋಗಿ. ನೀನು ಹೀಗಿದ್ರೆ ನಾನು ಹಾಗಿರ್ತೀನಿ ಅನ್ನಬೇಡಿ, ಅದು ವ್ಯಾಪಾರ. ಷರತ್ತಿಲ್ಲದ ಪ್ರೀತಿ ತೋರಿಸಿ.” ಮತ್ತೊಮ್ಮೆ ಗಡಿಯಾರ ನೋಡಿದರು. ಮಾಸ್ಟ್ರು ಬೆವರಿದರು.

ಯಾರ ವಿಷಯ ಎಂದು ಅವರಿಗೆ ಗೊತ್ತಾಗಿಹೋಗಿತ್ತು. ಅವರ ಅಂಗಡಿಯ ಎದುರಿಗೇ ಇನ್ನೊಂದು ಟೈಲರ್ ಅಂಗಡಿ. ಬೋರ್ಡಿನಲ್ಲಿ ಅಂಗಡಿಯ ಹೆಸರಿಗಿಂತ ದೊಡ್ಡದಾಗಿ ‘ಅರ್ಜೆಂಟ್ ಕೆಲಸ ಮಾಡಿಕೊಡಲಾಗುವುದು’ ಎಂದು ಬರೆಸಿದ್ದರಿಂದ ಅವನಿಗೆ ಅರ್ಜೆಂಟು ಎಂದೇ ಹೆಸರು. ಇಬ್ಬರೂ ಒಬ್ಬನೇ ಗುರುವಿನ ಹತ್ತಿರ ಕತ್ತರಿ ಹಿಡಿಯಲು ಕಲಿತವರು. ಒಂದು ಕಾಲದಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು. ಹನ್ನೊಂದು ವರ್ಷದ ಹಿಂದೆ ಯಾರದೋ ಮುಂದೆ ಅರ್ಜೆಂಟು, “ಅವನು ಪ್ಯಾಂಟ್ ಹೊಲಿದು ಮುಗಿಸೋದ್ರೊಳಗೆ ಗಿರಾಕಿ ಸೊಂಟ ಎರಡಿಂಚು ಬೆಳೆದಿರುತ್ತೆ” ಅಂದಿದ್ದ. ಪ್ಯಾಂಟಿನ ಕಾಲು ಕಾಲಿಂಚು ಹೆಚ್ಚುಕಡಿಮೆಯಾದರೂ ಬಿಚ್ಚಿ ಹೊಲಿಯುವ ನಮ್ಮ ಮಾಸ್ಟ್ರಿಗೆ ಅದು ಎದೆಗೇ ನಾಟಿತು. “ಅವನು ಹಾಕಿದ ಗುಂಡಿ ಮೊದಲನೇ ಆಕಳಿಕೆಗೇ ಉದುರುತ್ತೆ” ಎಂದು ಇವರೂ ಅಂದರು. ಅವತ್ತಿಗೆ ಮಾತು ನಿಂತಿತು. ಗುಂಡಿಯ ಮಾತನ್ನು ಮಾತ್ರ ಮಾಸ್ಟ್ರು ವಾರಕ್ಕೊಮ್ಮೆಯಾದರೂ ಹೇಳುತ್ತಲೇ ಬಂದರು.

ಆ ದಿನ ಮಾಸ್ಟ್ರು ಉದಾರಿಯಾಗಲು ಇನ್ನೊಂದು ಕಾರಣವೂ ಇತ್ತು. ಬಿಷಪ್ಪರಿಗೆ ಚರ್ಚಿನ ಸಭೆಯ ವತಿಯಿಂದ ಕೊಡುವ ಬಿಳಿ ನಿಲುವಂಗಿಯ ಕೆಲಸ ಅವರಿಗೆ ಸಿಕ್ಕಿತ್ತು. ಕತ್ತರಿಸಿ, ಕೈಯಿಂದ ಕಚ್ಚಾ ಹೊಲಿಗೆ ಹಾಕಿ ಇಟ್ಟಾಗಿತ್ತು. ಇನ್ನು ಮೆಷಿನ್ ಹೊಲಿಗೆ ಹಾಕಿದರೆ ಮುಗಿಯಿತು. ಸಾಯಂಕಾಲ ಎಲ್ಲರ ಮುಂದೆ ಸಭೆಯ ಸೆಕ್ರೆಟರಿ ಅಮ್ಮ, ‘ಇದನ್ನು ಹೊಲಿದವರು’ ಎಂದು ಅವರ ಹೆಸರು ಓದಬೇಕು. ನಲವತ್ತು ವರ್ಷ ಊರಿನ ಮಾನ ಮುಚ್ಚಿದ ಮನುಷ್ಯನ ಹೆಸರು ಇದುವರೆಗೆ ಓದಿದ್ದು ಕರೆಂಟ್ ಬಿಲ್ಲಿನವನು ಮಾತ್ರ. ಈ ಒಂದು ಓದಿಗಾಗಿ ಅವರು ಒಂದು ತಿಂಗಳಿಂದ ಕಾಯುತ್ತಿದ್ದರು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಹೆಂಡತಿ ಕಿಟಕಿಯ ಹತ್ತಿರ ಕೂತು ಒಂದು ಕೋಟಿಗೆ ಕಾಜಾ ಹೊಲಿಯುತ್ತಿದ್ದಳು. ಗುಂಡಿ ತೂರುವ ತೂತಿಗೆ ಅವಳು ಕೈಯಲ್ಲಿ ಕಟ್ಟುವ ಅಂಚು ಅಕ್ಷರ ಬರೆದ ಹಾಗೆ ಇರುತ್ತಿತ್ತು.

“ಏನೇ, ನಾನು ಅರ್ಜೆಂಟನ್ನ ಪ್ರೀತಿಸಬೇಕು ಅಂತ ತೀರ್ಮಾನ ಮಾಡಿದ್ದೀನಿ,” ಎಂದರು ಮಾಸ್ಟ್ರು.

ಅವಳ ಸೂಜಿ ನಿಂತಿತು. “ಸದ್ಯ,” ಎಂದಳು. “ಹೋಗಿ ಬನ್ನಿ. ಜಾಸ್ತಿ ಮಾತಾಡಬೇಡಿ.”

ಮಾಸ್ಟ್ರಿಗೆ ನಿರಾಸೆಯಾಯಿತು. ಇಷ್ಟು ದೊಡ್ಡ ತ್ಯಾಗಕ್ಕೆ ಕಣ್ಣಲ್ಲಿ ಒಂದು ಹನಿ ನೀರಾದರೂ ಬರಬಹುದಿತ್ತು. ಆದರೂ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು, ತಲೆ ಬಾಚಿಕೊಂಡು ರಸ್ತೆ ದಾಟಿದರು.

ಅರ್ಜೆಂಟು ಮೆಷಿನ್ ತುಳಿಯುತ್ತಿದ್ದ. ಗಡಗಡ ಸದ್ದಿಗೆ ಅಂಗಡಿಯ ಕನ್ನಡಿ ಅದುರುತ್ತಿತ್ತು. ಸೂಜಿಯ ಕೆಳಗೆ ಬಟ್ಟೆ ಇದೆಯೋ ಇಲ್ಲವೋ ಎಂದು ನೋಡುವ ಸ್ಥಿತಿಯಲ್ಲಿ ಮಾಸ್ಟ್ರು ಇರಲಿಲ್ಲ.

“ಯಾರು?” ಎಂದ ಅರ್ಜೆಂಟು ತಲೆಯೆತ್ತಿ.

ಮಾಸ್ಟ್ರಿಗೆ ಉರಿದುಹೋಯಿತು. “ಯಾರು ಅಂತ ಕೇಳ್ತೀಯಲ್ಲ! ಹನ್ನೊಂದು ವರ್ಷ ಎದುರಿಗೇ ಕೂತಿರೋನ ಮುಖ ಮರೆತುಹೋಯ್ತಾ?” ಎಂದು ಬಾಯಿಗೆ ಬಂದದ್ದನ್ನು ಅರ್ಧ ಆಡಿ, ಅರ್ಧ ನುಂಗಿಕೊಂಡರು. ಆಮೇಲೆ ಕಣ್ಣು ಮುಚ್ಚಿ, ಮೆಷಿನ್ನಿನ ಸದ್ದನ್ನು ಮೀರಿಸುವ ಗಂಟಲಿನಲ್ಲಿ ಕೂಗಿದರು: “ನೋಡಯ್ಯ, ನಾನು ನಿನ್ನ ಷರತ್ತಿಲ್ಲದೆ ಪ್ರೀತಿಸ್ತೀನಿ!”

“ಷರಟಿಲ್ಲದೆ ಯಾಕಯ್ಯ ರಸ್ತೆಗೆ ಬಂದೆ?” ಎಂದು ಅರ್ಜೆಂಟು ಗಾಬರಿಯಾದ. “ಮೊದಲು ಹೋಗಿ ಹಾಕ್ಕೊಂಡು ಬಾ! ಜನ ಏನಂದಾರು!”

ಮಾಸ್ಟ್ರು ತಮ್ಮ ಷರಟನ್ನು ಮುಟ್ಟಿ ನೋಡಿಕೊಂಡರು. ಇತ್ತು. ಗುಂಡಿಗಳೂ ಇದ್ದವು. ಇವನು ಬೇಕೆಂದೇ ಅಣಕಿಸುತ್ತಿದ್ದಾನೆ ಎಂದು ಹಲ್ಲು ಕಡಿದು, ಪ್ರೀತಿಯ ನಗೆ ನಕ್ಕು, ಹಿಂದಿರುಗಿದರು.

ಪಕ್ಕದ ಕಟಿಂಗ್ ಶಾಪಿನವನು ಅರ್ಧ ಬೋಳಿಸಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಬಾಗಿಲಿಗೆ ಬಂದಿದ್ದ. ಅವನ ಕಿವಿಗೆ ಬಿದ್ದದ್ದು ‘ಪ್ರೀತಿ’ ಮತ್ತು ‘ಷರಟಿಲ್ಲದೆ’ ಎರಡೇ. ಅಷ್ಟು ಸಾಕಾಗಿತ್ತು. ಒಂದು ಗಂಟೆಯೊಳಗೆ, ಕಾಲಿಂಚು ಮಾಸ್ಟ್ರು ಅರ್ಜೆಂಟಿನ ಮೇಲಿನ ಪ್ರೀತಿಯಿಂದ ಷರಟು ಹೊಲಿಯುವುದನ್ನೇ ಬಿಟ್ಟಿದ್ದಾರೆ, ಊರಿನ ಷರಟುಗಳನ್ನೆಲ್ಲ ಅವನಿಗೇ ಬಿಟ್ಟುಕೊಟ್ಟಿದ್ದಾರೆ ಎಂಬ ಸುದ್ದಿ ಮಾರ್ಕೆಟ್ಟಿನವರೆಗೂ ಹೋಯಿತು.

ಮೊದಲು ಬಂದವನು ಬಸ್ ಕಂಡಕ್ಟರ್. “ನನ್ನ ಎರಡು ಷರಟಿನ ಬಟ್ಟೆ ಕೊಡಿ ಮಾಸ್ಟ್ರೇ, ಎದುರಿಗೆ ಕೊಟ್ಟುಬಿಡ್ತೀನಿ.”

“ಯಾಕಪ್ಪ? ನಾನು ಹೊಲೀತೀನಲ್ಲ.”

“ಅವರಿಗೆ ಬಿಟ್ಟುಕೊಟ್ಟಿದ್ದೀರಂತೆ?”

“ಬಿಟ್ಟುಕೊಟ್ಟಿದ್ದೀನಿ ಅಂತ ಅಲ್ಲ...”

“ಹಾಗಾದ್ರೆ ಅವರ ಮೇಲೆ ಪ್ರೀತಿ ಇಲ್ವಾ?”

ಈ ಪ್ರಶ್ನೆಗೆ ಏನು ಉತ್ತರ ಕೊಟ್ಟರೂ ಮಾಸ್ಟ್ರು ಕೆಡುತ್ತಿದ್ದರು. ಸುಮ್ಮನೆ ಬಟ್ಟೆ ತೆಗೆದುಕೊಟ್ಟರು. ಹಿಂದೆಯೇ ಬ್ಯಾಂಕಿನ ಕ್ಯಾಶಿಯರು, ಔಷಧಿ ಅಂಗಡಿಯವರು, ಅವರ ಭಾವಮೈದುನ. ಹನ್ನೊಂದು ಗಂಟೆಯ ಹೊತ್ತಿಗೆ ಹನ್ನೊಂದು ಷರಟಿನ ಬಟ್ಟೆ ರಸ್ತೆ ದಾಟಿ ಹೋದವು. “ಏನು ದೊಡ್ಡ ಮನಸ್ಸು ನಿಮ್ಮದು!” ಎಂದು ಎಲ್ಲರೂ ಹೊಗಳಿಯೇ ತೆಗೆದುಕೊಂಡು ಹೋದರು.

ಅಷ್ಟರಲ್ಲಿ ಪಾದ್ರಿಗಳ ಸ್ಕೂಟರು ಅಂಗಡಿಯ ಮುಂದೆ ನಿಂತಿತು. “ಕೇಳ್ಪಟ್ಟೆ ಮಾಸ್ಟ್ರೇ, ತುಂಬಾ ಸಂತೋಷ.”

“ಹನ್ನೊಂದು ಷರಟು ಹೋಯ್ತು, ಪಾದ್ರಿಗಳೇ,” ಎಂದರು ಮಾಸ್ಟ್ರು ಮೆಲ್ಲಗೆ.

“ಹೋಗಿದ್ದು ಹೋಯ್ತು ಬಿಡಿ. ತಾನಾಗಿ ಹೋಗಿದ್ದು ಬೇರೆ, ನಾವಾಗಿ ಕೊಟ್ಟಿದ್ದು ಬೇರೆ,” ಎಂದು ಹೇಳಿ, ಕೈಗಡಿಯಾರ ನೋಡಿಕೊಂಡು, ಪಾದ್ರಿಗಳು ಸ್ಕೂಟರು ಹತ್ತಿದರು. ಅವರಿಗೆ ಬಿಷಪ್ಪರ ಊಟದ ವ್ಯವಸ್ಥೆಯ ಚಿಂತೆ.

ಮಾಸ್ಟ್ರು ಗೂಟದಲ್ಲಿ ತೂಗುತ್ತಿದ್ದ ನಿಲುವಂಗಿಯನ್ನು ನೋಡಿದರು. ನೋಡಬಾರದಿತ್ತು. ಕೊಡುವುದಾದರೆ ಇದನ್ನೇ ಕೊಡಬೇಕು ಎಂದು ಮನಸ್ಸು ಹೇಳಿಬಿಟ್ಟಿತು. ಛೆ, ಇದೊಂದು ಬಿಟ್ಟು ಏನಾದರೂ ಕೇಳಪ್ಪ ಎಂದು ಅವರು ಮನಸ್ಸನ್ನು ಬೇಡಿಕೊಂಡರು. ಇದೊಂದು ಬಿಟ್ಟು ಅನ್ನುವುದೂ ಷರತ್ತೇ ಎಂದು ಅದು ತಿರುಗಿ ಹೇಳಿತು. ಹತ್ತು ನಿಮಿಷ ಒದ್ದಾಡಿದ ಮೇಲೆ ಮಾಸ್ಟ್ರಿಗೆ ಇನ್ನೊಂದು ಹೊಳೆಯಿತು: ಹೊಲಿದವನಿಗೆ ಒಂದು ಚಪ್ಪಾಳೆ, ಹೊಲಿಯುವ ಭಾಗ್ಯವನ್ನೇ ಶತ್ರುವಿಗೆ ಕೊಟ್ಟವನಿಗೆ ಎಷ್ಟು ಚಪ್ಪಾಳೆ! ಅವರ ಎದೆ ಉಬ್ಬಿತು. ನಿಲುವಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ರಸ್ತೆಗಿಳಿದರು. ಬೇಕೆಂದೇ ನಿಧಾನವಾಗಿ ನಡೆದರು. ಕಟಿಂಗ್ ಶಾಪಿನವನು ಕತ್ತರಿ ಹಿಡಿದೇ ಹಿಂಬಾಲಿಸಿದ. ಅವನ ಹಿಂದೆ, ಒಂದು ಕಡೆ ಮಾತ್ರ ಕೂದಲು ಕತ್ತರಿಸಿಕೊಂಡಿದ್ದ ಗಿರಾಕಿ.

“ತಗೋ,” ಎಂದರು ಮಾಸ್ಟ್ರು. “ಬಿಷಪ್ಪರ ನಿಲುವಂಗಿ. ನೀನೇ ಹೊಲಿ. ಹೆಸರೂ ನಿಂದೇ ಆಗ್ಲಿ.”

ಅರ್ಜೆಂಟಿನ ಮುಖ ಸುಣ್ಣದ ಗೋಡೆಯಾಯಿತು. ಬಟ್ಟೆಯನ್ನು ಒಮ್ಮೆ ಕೈಯಿಂದ ಸವರಿದ. ಕಣ್ಣೆತ್ತಿಯೂ ನೋಡಲಿಲ್ಲ. “ಬೇಡಯ್ಯ, ನನ್ನ ಕೈಲಾಗಲ್ಲ. ನೀನೇ ಇಟ್ಕೋ.”

“ನೋಡಾದರೂ ನೋಡೋ!”

“ನೋಡೋದೇನಿದೆ? ನೀನೇ ಇಟ್ಕೋ ಅಂದೆನಲ್ಲ.”

ಮಾಸ್ಟ್ರಿಗೆ ಅವಮಾನವಾಯಿತು. ಪ್ರಾಣ ಬಿಟ್ಟರೂ ಬಿಟ್ಟೇನು, ಇವನನ್ನು ಪ್ರೀತಿಸದೆ ಬಿಡುವುದಿಲ್ಲ ಎಂದು ನಿಲುವಂಗಿಯನ್ನು ಅವನ ತೊಡೆಯ ಮೇಲೆ ತುರುಕಿದರು. ಅವನು ಇವರ ಎದೆಗೆ ತಳ್ಳಿದ. “ತಗೊಳ್ಳೋ, ಪ್ರೀತಿಯಿಂದ ಕೊಡ್ತಾ ಇದ್ದೀನಿ!” “ನಾನೂ ಪ್ರೀತಿಯಿಂದಲೇ ಬೇಡ ಅಂತಿದ್ದೀನಿ!” “ನನ್ನ ಪ್ರೀತಿ ದೊಡ್ಡದು ಕಣೋ!” “ನಿಂದು ದೊಡ್ಡದಾದ್ರೆ ನಿನ್ನ ಹತ್ತಿರಾನೇ ಇಟ್ಕೊಳ್ಳೋ!” ಬಾಗಿಲಲ್ಲಿ ಜನ ಸೇರಿದರು. ಕಂಡಕ್ಟರ್ ಅರ್ಜೆಂಟಿನ ಕಡೆ, ಕ್ಯಾಶಿಯರು ಮಾಸ್ಟ್ರ ಕಡೆ. ಯಾರ ಪ್ರೀತಿ ಗೆಲ್ಲುತ್ತದೆ ಎಂದು ಎಲ್ಲರೂ ಕುತ್ತಿಗೆ ಉದ್ದ ಮಾಡಿದರು. ಆಗ ಪರ್ ಎಂದು ಸದ್ದಾಯಿತು.

ಕಚ್ಚಾ ಹೊಲಿಗೆಯಲ್ಲ, ಬಟ್ಟೆಯೇ. ಬಲಭುಜದ ಹತ್ತಿರ ಒಂದು ಗೇಣು.

“ಏನ್ರೀ ಇದು!” ಎಂದು ಗುಂಪನ್ನು ಸೀಳಿಕೊಂಡು ಸೆಕ್ರೆಟರಿ ಅಮ್ಮ ಬಂದರು. ಮೂವತ್ತು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಊರಿನ ಅರ್ಧ ಗಂಡಸರು ಅವರನ್ನು ಕಂಡರೆ ಇಂದಿಗೂ ಕೈ ಹಿಂದೆ ಕಟ್ಟುತ್ತಾರೆ. ಇಬ್ಬರು ಟೈಲರುಗಳೂ ಕಟ್ಟಿದರು. “ಆರು ಗಂಟೆಗೆ ಬಿಷಪ್ಪರು ಹಾಕ್ಕೋಬೇಕು. ಹೊಲಿಯೋರು ಯಾರು? ನನಗೆ ಹೆಸರು ಬೇಕು.”

ಹರಿದ ಮೇಲೆ ಹಿಂದೆಗೆದರೆ ಜಾರಿಕೊಂಡಂತಾಗುತ್ತದೆ. ಮಾಸ್ಟ್ರು ಕಣ್ಣು ಮುಚ್ಚಿ, “ಇವನೇ ಹೊಲೀತಾನಮ್ಮ. ಇವನ ಹೆಸರೇ ಓದಿ,” ಎಂದುಬಿಟ್ಟರು. ಸೆಕ್ರೆಟರಿ ಅಮ್ಮ ಚೀಟಿಯಲ್ಲಿ ಇವರ ಹೆಸರು ಹೊಡೆದು ಅವನ ಹೆಸರು ಬರೆದುಕೊಂಡರು. ಜನ ಚಪ್ಪಾಳೆ ತಟ್ಟಿದರು. ಅರ್ಜೆಂಟು ಹರಿದ ಜಾಗವನ್ನು ಬೆರಳಿನಿಂದ ತಡವುತ್ತಿದ್ದ.

ಮಾಸ್ಟ್ರು ಮನೆಗೆ ಬಂದಾಗ ಒಂದು ಗಂಟೆ. ನಡೆದದ್ದನ್ನೆಲ್ಲ ಹೆಂಡತಿಗೆ ಬಣ್ಣ ಕಟ್ಟಿ ಹೇಳಿದರು. ಅವಳು ತಲೆ ಮೇಲೆ ಕೈ ಹೊತ್ತು ಕೂತಳು.

“ನಿಲುವಂಗಿಯನ್ನೇ ಕೊಟ್ರಾ? ಅವನಿಗಾ? ಇವತ್ತಾ?”

“ಪ್ರೀತಿ ಅಂದ್ಮೇಲೆ ಹಾಗೇ ಕಣೇ,” ಎಂದು ಮಾಸ್ಟ್ರು ಊಟ ಮಾಡಿ, ಎಂದಿನಂತೆ ಮಲಗಿದರು. ಮಧ್ಯಾಹ್ನ ಎರಡು ಗಂಟೆ ನಿದ್ದೆ ಅವರಿಗೆ ಕಡ್ಡಾಯ. ಅವರ ಗೊರಕೆಗೆ ಹಿಂದಿನ ಕೋಣೆಯ ಹಳೇ ಮೆಷಿನ್ನಿನ ಸದ್ದು ಕೂಡ ಕೇಳುವುದಿಲ್ಲ. ಅಲ್ಲಿ ಹೆಂಡತಿ ಮಹಿಳಾ ಸಂಘಕ್ಕೆ ಏನೋ ಹೊಲಿಯುತ್ತಾಳೆ ಎಂದು ಮಾತ್ರ ಅವರಿಗೆ ಗೊತ್ತು.

ಅವತ್ತು ಅರ್ಧ ಗಂಟೆಯಲ್ಲೇ ಅವಳು ಭುಜ ಹಿಡಿದು ಅಲುಗಿಸಿದಳು. “ರೀ, ಏಳಿ. ಇದು ನನ್ನೊಬ್ಬಳ ಕೈಲಿ ಆಗಲ್ಲ.”

ಕಣ್ಣುಜ್ಜಿಕೊಂಡು ನೋಡಿದರೆ ಮೆಷಿನ್ನಿನ ಮೇಲೆ ನಿಲುವಂಗಿ! ಅದೇ ಭುಜ, ಅದೇ ಒಂದು ಗೇಣು ಹರುಕು. ಪಕ್ಕದಲ್ಲಿ ಹನ್ನೊಂದು ಷರಟಿನ ಬಟ್ಟೆಗಳು, ಕಂಡಕ್ಟರನ ಎರಡೂ ಸೇರಿ.

“ಇದೆಲ್ಲ ಇಲ್ಲಿಗೆ ಹೇಗೆ ಬಂತೇ?”

“ಹಿಂದಿನ ಓಣಿಯಿಂದ. ತರಕಾರಿ ಚೀಲದಲ್ಲಿ. ದಿನಾ ಬರೋ ದಾರಿ.” ಅವಳು ದಾರ ಸುತ್ತುತ್ತಾ ಹೇಳಿದಳು. “ಅವನಿಗೆ ಕಣ್ಣು ಕಾಣಲ್ಲ ರೀ. ಬೆಳಕು ಯಾವುದು, ನೆರಳು ಯಾವುದು ಅಂತ ಗೊತ್ತಾಗುತ್ತೆ, ಅಷ್ಟೇ. ಟೇಪಿಗೆ ಇಂಚಿಗೊಂದು ಗಂಟು ಹಾಕ್ಕೊಂಡು ಅಳತೆ ಮಾತ್ರ ತಗೋತಾನೆ. ಕತ್ತರಿಸೋದು, ಹೊಲಿಯೋದು ನಾನು. ಎರಡು ವರ್ಷ ಆಯ್ತು.”

ಮಾಸ್ಟ್ರ ನಿದ್ದೆ ಪೂರ್ತಿ ಇಳಿಯಿತು. “ಮತ್ತೆ ಮೆಷಿನ್ ತುಳೀತಿದ್ನಲ್ಲ?”

“ಖಾಲಿ ಮೆಷಿನ್. ಸದ್ದು ಕೇಳದೇ ಇದ್ರೆ ಗಿರಾಕಿ ಬರ್ತಾರಾ? ಟೈಲರಿಗೆ ಕಣ್ಣಿಲ್ಲ ಅಂತ ಗೊತ್ತಾದ್ರೆ ಅವನ ಬದುಕು ಮುಗೀತು. ಒಂದಿನ ನಾನು ಅವನ ಹತ್ತಿರ ಬಿಳಿ ದಾರ ಕೇಳಿದ್ರೆ ಕೆಂಪು ಕೊಟ್ಟ. ಆಗ ನನಗೆ ಗೊತ್ತಾಯ್ತು. ‘ಅತ್ತಿಗೆ, ಯಾರಿಗಾದ್ರೂ ಹೇಳಿ, ಅವನೊಬ್ಬನಿಗೆ ಮಾತ್ರ ಹೇಳಬೇಡಿ’ ಅಂತ ಅತ್ತುಬಿಟ್ಟ. ನಾನು ಯಾರಿಗೂ ಹೇಳ್ಲಿಲ್ಲ.”

“ಎರಡು ವರ್ಷ! ನನಗೆ ಒಂದು ಮಾತು ಹೇಳೋಕಾಗ್ಲಿಲ್ವಾ?”

“ಹೇಳಿದ್ರೆ ಏನಂತಿದ್ರಿ? ಮೊದಲು ಅವನು ಬಂದು ನನ್ನ ಹತ್ತಿರ ತಪ್ಪಾಯ್ತು ಅನ್ಲಿ ಅಂತಿದ್ರಿ.”

ಮಾಸ್ಟ್ರು ಅಕ್ಷರಶಃ ಅದನ್ನೇ ಅನ್ನುತ್ತಿದ್ದರು.

“ಇನ್ನೊಂದು,” ಎಂದಳು ಅವಳು. “ಮೊದಲನೇ ಆಕಳಿಕೆಗೇ ಉದುರುತ್ತೆ ಅಂತ ವಾರ ವಾರ ಬೈತೀರಲ್ಲ, ಎರಡು ವರ್ಷದಿಂದ ಆ ಗುಂಡಿ ಎಲ್ಲ ನಾನು ಹಾಕಿದ್ದು.”

ಇಡೀ ಬೆಳಿಗ್ಗೆ ಒಂದು ರಸ್ತೆ ದಾಟಿ ಬಂದದ್ದಕ್ಕೇ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ ಅವರಿಗೆ, ಎರಡು ವರ್ಷ ಬಾಯಿಬಿಡದೆ ಹಿಂದಿನ ಓಣಿಯಲ್ಲಿ ನಡೆದ ಹೆಂಗಸಿನ ಮುಂದೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಹೆಮ್ಮೆಯೂ ನುಗ್ಗಿ ಬಂತು. ಇಂಥವಳು ನನ್ನ ಮನೆಯವಳು! ಎದ್ದು ಹೋಗಿ ಕಟಿಂಗ್ ಶಾಪಿನವನಿಗೆ ಹೇಳಿಬಿಡಬೇಕು ಅನ್ನಿಸಿತು. ಹೇಳುವಂತಿಲ್ಲ ಎಂಬುದು ನೆನಪಾಗಿ ಕೂತಲ್ಲೇ ಕೂತರು.

“ಸರಿ, ಹೊಲೀತೀನಿ,” ಎಂದರು ನಿಲುವಂಗಿಯನ್ನು ಎಳೆದುಕೊಂಡು. “ಆದ್ರೆ ಹೆಸರು ಮಾತ್ರ ನನ್ನದೇ ಓದ್ಲಿ. ಅದೊಂದು...”

ಅವಳು ದಾರ ಸುತ್ತುವುದನ್ನು ನಿಲ್ಲಿಸಿ ಅವರ ಮುಖ ನೋಡಿದಳು.

“ಗೊತ್ತಾಯ್ತು, ಗೊತ್ತಾಯ್ತು,” ಎಂದು ಮಾಸ್ಟ್ರು ಕತ್ತರಿ ಕೈಗೆ ತೆಗೆದುಕೊಂಡರು. “ಅದೂ ಷರತ್ತೇ. ದಾರ ಕೊಡು.”

ಆ ಮಧ್ಯಾಹ್ನ ಕಾಲಿಂಚು ಮಾಸ್ಟ್ರು ಹೊಲಿದ ಹಾಗೆ ನಲವತ್ತು ವರ್ಷದಲ್ಲಿ ಹೊಲಿದಿರಲಿಲ್ಲ. ಹರುಕನ್ನು ಮುಚ್ಚಲು ಭುಜದಿಂದ ಎದೆಯವರೆಗೆ ಓರೆಯಾಗಿ ಒಂದು ಪಟ್ಟಿ ಕೂರಿಸಿದರು. ಒಂದೇ ಕಡೆ ಇದ್ದರೆ ಅನುಮಾನ ಬರುತ್ತದೆಂದು ಎಡಗಡೆಯೂ ಕೂರಿಸಿದರು. ಹೆಂಡತಿ ಪಟ್ಟಿಯ ಅಂಚನ್ನು ಕೈಯಿಂದ ಕಟ್ಟಿದಳು. ಇಬ್ಬರೂ ಒಂದೇ ಬಟ್ಟೆಯ ಮೇಲೆ ಬಾಗಿ ಎಷ್ಟೋ ವರ್ಷವಾಗಿತ್ತು. ಐದೂವರೆಗೆ ನಿಲುವಂಗಿ ತರಕಾರಿ ಚೀಲ ಸೇರಿ ಹಿಂದಿನ ಓಣಿಯಿಂದ ಹೋಯಿತು. ಯಾರು ಹೊಲಿದದ್ದೆಂದು ಹೆಂಡತಿ ಅರ್ಜೆಂಟಿಗೆ ಹೇಳಿ ಬಂದಳು. ಐದೂ ನಲವತ್ತಕ್ಕೆ ಅರ್ಜೆಂಟಿನ ಮುಂಬಾಗಿಲಿನಿಂದ ರಾಜಗಾಂಭೀರ್ಯದಲ್ಲಿ ಹೊರಬಂತು.

ಆರು ಗಂಟೆಗೆ ದೇವಾಲಯ ಕಿಕ್ಕಿರಿದಿತ್ತು. ಬಿಷಪ್ಪರು ನಿಲುವಂಗಿ ತೊಟ್ಟು ನಿಂತಾಗ ಮಾಸ್ಟ್ರು ಬೆಂಚಿನ ತುದಿಗೆ ಜರುಗಿದರು. ಭುಜ ಕಾಲಿಂಚೂ ಆಚೀಚೆ ಇರಲಿಲ್ಲ. ಸೆಕ್ರೆಟರಿ ಅಮ್ಮ ಚೀಟಿ ತೆಗೆದು, “ಇದನ್ನು ಹೊಲಿದವರು” ಎಂದು ಎದುರಂಗಡಿಯವನ ಹೆಸರನ್ನು ಸ್ಪಷ್ಟವಾಗಿ, ಅಕ್ಷರ ಬಿಡದೆ ಓದಿದರು. ಚಪ್ಪಾಳೆ ಸುರಿಯಿತು. ಆ ಚಪ್ಪಾಳೆ ಮಾಸ್ಟ್ರ ಎದೆಯಲ್ಲಿ ಸೂಜಿಯ ಹಾಗೆ ಚುಚ್ಚಿತು ಎಂದರೆ ಸುಳ್ಳಲ್ಲ. ಆದರೂ ಅವರು ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಅರ್ಜೆಂಟು ಎದ್ದು ನಿಂತ. “ಬಿಷಪ್ಪರೇ, ನಾನೊಂದು ಮಾತು ಹೇಳ್ಬೇಕು. ಇದು ನಾನು...” ಎಂದು ಶುರುಮಾಡಿದ.

ಮಾಸ್ಟ್ರು ಮತ್ತೆ ಚಪ್ಪಾಳೆ ಶುರುಮಾಡಿದರು. ಜನರೂ ಸೇರಿದರು. ಅವನ ಮಾತು ಅದರಲ್ಲಿ ಮುಳುಗಿಹೋಯಿತು. ವಿನಯದ ಮಾತಿರಬೇಕು ಎಂದು ಬಿಷಪ್ಪರು ನಕ್ಕು, ತಮ್ಮ ಭುಜದ ಪಟ್ಟಿಯನ್ನು ಸವರಿದರು.

“ಎಷ್ಟೋ ಊರಿನಲ್ಲಿ ಎಷ್ಟೋ ನಿಲುವಂಗಿ ತೊಟ್ಟಿದ್ದೇನೆ. ಈ ಓರೆ ಪಟ್ಟಿಯ ಮಾದರಿ ಎಲ್ಲೂ ಕಂಡಿಲ್ಲ. ನಮ್ಮ ಪಾದ್ರಿಗಳೆಲ್ಲರಿಗೂ ಇಂಥದ್ದೇ ಬೇಕು. ಅರವತ್ತು ನಿಲುವಂಗಿ. ಎರಡು ತಿಂಗಳಲ್ಲಿ ಆಗುತ್ತದೆಯೇ, ಮಾಸ್ಟ್ರೇ?”

ಅರ್ಜೆಂಟು ಆ ಕಡೆ ಈ ಕಡೆ ಮುಖ ತಿರುಗಿಸಿದ. ಅವನು ಯಾರನ್ನು ಹುಡುಕುತ್ತಿದ್ದಾನೆ ಎಂದು ಇಡೀ ದೇವಾಲಯದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

“ಆಗುತ್ತೆ ಅಂತ ಹೇಳೋ!” ಎಂದು ನಮ್ಮ ಮಾಸ್ಟ್ರು ತಮಗೇ ತಿಳಿಯದೆ ಕೂಗಿಬಿಟ್ಟರು.

ಎಲ್ಲ ತಲೆಗಳೂ ಹಿಂದಕ್ಕೆ ತಿರುಗಿದವು. “ನಿಮಗೇನ್ರೀ ಮಧ್ಯದಲ್ಲಿ?” ಎಂದು ಸೆಕ್ರೆಟರಿ ಅಮ್ಮ ಗದರಿದರು. “ಕೊಟ್ಟಮೇಲೆ ಹೊಟ್ಟೆಕಿಚ್ಚು ಪಡಬಾರದು. ಕೂತ್ಕೊಳ್ಳಿ!”

“ಪಾಪ, ತಡ್ಕೊಳ್ಳೋಕಾಗ್ಲಿಲ್ಲ,” ಎಂದು ಕಟಿಂಗ್ ಶಾಪಿನವನು ಪಕ್ಕದವನ ಕಿವಿಯಲ್ಲಿ ಹೇಳಿದ್ದು ಮೂರು ಬೆಂಚಿಗೆ ಕೇಳಿಸಿತು.

“ಆಗುತ್ತೆ, ಬಿಷಪ್ಪರೇ,” ಎಂದ ಅರ್ಜೆಂಟು. ಅವನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಹೆಮ್ಮೆಗೆ ಅಳುತ್ತಿದ್ದಾನೆ ಎಂದು ಜನ ತಿಳಿದರು.

ಮಾಸ್ಟ್ರು ಕೂತರು. ಊರಿನ ಮುಂದೆ ಹೊಟ್ಟೆಕಿಚ್ಚಿನವನಾಗಿ, ಹೆಸರಿಲ್ಲದೆ, ಅರವತ್ತು ನಿಲುವಂಗಿ ಮತ್ತು ಹನ್ನೊಂದು ಷರಟು ತಲೆಯ ಮೇಲೆ ಹೊತ್ತು ಕೂತರು. ಆದರೆ ಅವರ ಬೆನ್ನು ಎಂದೂ ಇಲ್ಲದಷ್ಟು ನೆಟ್ಟಗಿತ್ತು. ಬಿಷಪ್ಪರ ಭುಜ ನೋಡಿದರು, ಪಕ್ಕದಲ್ಲಿ ಕೂತ ಹೆಂಡತಿಯನ್ನು ನೋಡಿದರು. ಈ ದೇವಾಲಯದಲ್ಲಿ ತನಗಿಂತ ದೊಡ್ಡ ಮನುಷ್ಯನಿಲ್ಲ, ಅವಳೊಬ್ಬಳನ್ನು ಬಿಟ್ಟರೆ, ಅನ್ನಿಸಿತು.

ಅವಳು ಹಾಡಿನ ಪುಸ್ತಕ ಬಿಡಿಸುತ್ತಾ ತಗ್ಗಿದ ದನಿಯಲ್ಲಿ ಹೇಳಿದಳು:

“ಸೋಮವಾರದಿಂದ ಮಧ್ಯಾಹ್ನದ ನಿದ್ದೆ ಇಲ್ಲ.”